ಮರುಟಪಾಲಿನ ಖರ್ಚು

ಬಸ್ಸು ಸಿದ್ದಕಟ್ಟೆಯ ತಿರುವಿನಲ್ಲಿ ವಾಲಿದಾಗ ಅನಂತರಾಜ ಮಡಿಲಲ್ಲಿದ್ದ ಬಟ್ಟೆಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡ. ಅವುಚಿಕೊಂಡದ್ದನ್ನು ಪಕ್ಕದಲ್ಲಿ ಕೂತವನು ನೋಡಿಬಿಟ್ಟನೇನೋ ಎಂದು ಕೂಡಲೇ ಕೈ ಸಡಿಲಿಸಿದ. ಚೀಲದಲ್ಲಿ ಕದ್ದ ಮಾಲೇನೂ ಇರಲಿಲ್ಲ. ಒಂದು ಕಟ್ಟು ಕಾರ್ಡುಗಳು, ಕೆಲವು ವಿದೇಶಿ ಲಕೋಟೆಗಳು, ಒಂದು ಗೋಂದಿನ ಬಾಟ್ಲಿ, ಅಷ್ಟೆ. ಪಕ್ಕದವನೋ, ಪಾಪ, ಮೊಬೈಲಿನೊಳಗೆ ಮುಳುಗಿಹೋಗಿದ್ದ. ಲೋಕವೆಲ್ಲ ಕೆಲಸ ಬಿಟ್ಟು ತನ್ನನ್ನೇ ನೋಡುತ್ತಿದೆ ಎಂದುಕೊಳ್ಳುವ ಈ ಕಾಯಿಲೆ ಅನಂತರಾಜನಿಗೆ ಹೊಸತಲ್ಲ, ಆದರೆ ಕಳೆದ ಭಾನುವಾರದಿಂದ ಅದು ವಿಪರೀತಕ್ಕೆ ಹೋಗಿತ್ತು. ಇವತ್ತು ಬೆಳಿಗ್ಗೆ ಬಸದಿಗೆ ಹೋಗಿ ಬಂದು ಚಪ್ಪಲಿ ಕಳಚುತ್ತಿರುವಾಗಲೇ ಭಾವ ಧರಣೇಂದ್ರನ ಫೋನು ಬಂದಿತ್ತು. ಬಿ.ಸಿ.ರೋಡಿಗೆ ಬರಬೇಕಂತೆ. 'ಮೊನ್ನೆ ನೀವು ನನಗೆ ಹೇಳಿದ್ದನ್ನು ಅವನ ಎದುರು ಒಂದು ಸಲ ಹೇಳಿ ಭಾವ, ಸಾಕು. ಮತ್ತೆ ನಾನು ನೋಡಿಕೊಳ್ತೇನೆ.' ಅವನು ಅಂದರೆ ಅಬ್ದುಲ್ ನಾಸಿರ್. ಬಿ.ಸಿ.ರೋಡಿನಲ್ಲಿ ಧರಣೇಂದ್ರನ ಕಟ್ಟಡದ ಕೆಳಗಿನ ಕೋಣೆಯಲ್ಲಿ ನಾಸಿರನ ಕನ್ನಡಕದ ಅಂಗಡಿ. ಅದೇ ಕಟ್ಟಡದ ತಾರಸಿಯ ಮೇಲೆ ಅವನ ರೇಡಿಯೋದ ಆಂಟೆನಾ. ಆ ಕೋಣೆಯನ್ನು ಅವನಿಗೆ ಕೊಡಿಸಿದ್ದು ಅನಂತರಾಜನೇ, ಧರಣೇಂದ್ರ ತನ್ನ ಹೆಂಡತಿಯ ಅಣ್ಣನಲ್ಲವೇ ಎಂಬ ಸಲಿಗೆಯಿಂದ, 'ನನ್ನ ಜನ, ನನ್ನ ಜವಾಬ್ದಾರಿ' ಎಂದು ಹೇಳಿ. ಈಗ ಹೋಗಿ ಹೇಳಬೇಕಾದದ್ದು ಬೇರೆ ಮಾತು. ಅದನ್ನು ಹೇಳಿದರೆ ನಾಸಿರನ ಆಂಟೆನಾವೂ ಹೋಯಿತು, ಅಂಗಡಿಯೂ ಹೋಯಿತು. ಹೇಳದಿದ್ದರೆ ಅನಂತರಾಜ ಹೆಂಡತಿಯ ತವರಿನವರ ಎದುರು ಸುಳ್ಳುಗಾರನಾಗುತ್ತಾನೆ. ಸೊಸೈಟಿಯಲ್ಲಿ ಗುಮಾಸ್ತನಾಗಿ ಆಯುಷ್ಯವೆಲ್ಲ ಒಂದು ಕಪ್ಪುಚುಕ್ಕೆಯಿಲ್ಲದೆ ಕಳೆದವನಿಗೆ ಇದೆಂಥ ಗ್ರಹಚಾರ!

ಎಲ್ಲ ಆದದ್ದು ಒಂದು ಲಕೋಟೆಯಿಂದ. ಹ್ಯಾಮ್ ರೇಡಿಯೋದವರಲ್ಲಿ, ಅಂದರೆ ಹವ್ಯಾಸಕ್ಕೆ ರೇಡಿಯೋ ಇಟ್ಟುಕೊಂಡು ದೂರದವರ ಜೊತೆ ಮಾತಾಡುವವರಲ್ಲಿ, ಒಂದು ಪದ್ಧತಿಯುಂಟು. ಆಕಾಶದಲ್ಲಿ ಎಷ್ಟು ದೂರದವನ ಜೊತೆ ಮಾತಾಡಿದರೂ ಅದಕ್ಕೊಂದು ಸಾಕ್ಷಿ ಬೇಕು. ಇಂಥ ದಿನ, ಇಷ್ಟು ಹೊತ್ತಿಗೆ ನಿನ್ನ ದನಿ ನನಗೆ ಕೇಳಿಸಿತು ಎಂದು ಒಬ್ಬರಿಗೊಬ್ಬರು ಕಾರ್ಡು ಕಳಿಸಬೇಕು. ಕಾರ್ಡು ಬೇಕಾದವನು ತನ್ನ ವಿಳಾಸ ತಾನೇ ಬರೆದ ಒಂದು ಖಾಲಿ ಲಕೋಟೆ ಇಟ್ಟು, ಮರುಟಪಾಲಿನ ಖರ್ಚಿಗೆಂದು ಒಂದೆರಡು ಡಾಲರ್ ನೋಟು ಇಟ್ಟು ಕಳಿಸುತ್ತಾನೆ. ಗುರುತು ಪರಿಚಯ ಇಲ್ಲದವನಿಗೆ ನನ್ನಿಂದಾಗಿ ಕೈಯಿಂದ ಖರ್ಚಾಗಬಾರದು, ಇಷ್ಟೇ ಅದರ ಮರ್ಯಾದೆ. ನಾಸಿರ್ ಜಗತ್ತಿನ ಮೂಲೆ ಮೂಲೆಗೆ ಮಾತಾಡುವವನು, ಆದರೆ ಕಾಗದ ಪತ್ರದ ವಿಷಯದಲ್ಲಿ ಮಹಾ ಸೋಮಾರಿ. ಹಾಗಾಗಿ ಅನಂತರಾಜನೇ ಒಂದು ದಿನ, ನನ್ನ ಅಡ್ರೆಸ್ಸು ಹಾಕು ಮಾರಾಯ, ಬರೆಯುವ ಕೆಲಸ ನನಗಿರಲಿ ಎಂದಿದ್ದ. ಅಂದಿನಿಂದ ನಾಸಿರನ ಕಾರ್ಡಿನ ಕೆಳಗೆ ಅನಂತರಾಜನ ಹೆಸರು, ಮೂಡುಬಿದಿರೆಯ ಮನೆಯ ವಿಳಾಸ ಅಚ್ಚಾಗುತ್ತದೆ. ಆ ಪ್ರೂಫನ್ನು ತಿದ್ದಿದವನೂ ಅವನೇ. ಜಪಾನು, ಫಿನ್‌ಲೆಂಡು, ಚಿಲಿ, ಎಲ್ಲಿಂದಲೋ ಬಂದ ಲಕೋಟೆಯನ್ನು ಬ್ಲೇಡಿನಿಂದ ಅಂದವಾಗಿ ಸೀಳಿ, ಬ್ಯಾಂಕಿನವರು ಮೂಸಿಯೂ ನೋಡದ ಆ ಪುಡಿ ಡಾಲರುಗಳನ್ನು ಬಿಸ್ಕೆಟ್ ಡಬ್ಬಿಗೆ ಹಾಕಿ, ತಾವೇ ಯಾರ ಹತ್ತಿರವಾದರೂ ಕಾರ್ಡು ಕೇಳುವಾಗ ಅದೇ ನೋಟುಗಳನ್ನು ಮತ್ತೆ ಹೊರಗೆ ಕಳಿಸಿ, ಹಕ್ಕಿಯ ಚಿತ್ರದ ಸ್ಟಾಂಪು ಹುಡುಕಿ ಹಚ್ಚಿ, ಅವನು ಸುಖವಾಗಿದ್ದ. ಅವನಿಗೆ ಅವನದೇ ಕಾನೂನುಗಳಿದ್ದವು. ನೋಟು ಬೆಳಕಿಗೆ ಕಾಣಬಾರದು, ಹಳೆಯ ಮದುವೆ ಕಾಗದದ ದಪ್ಪ ತುಂಡಿನೊಳಗೆ ಮಡಚಿ ಇಡಬೇಕು. ಲಕೋಟೆಯ ಮೇಲೆ ಕಾಲ್‌ಸೈನ್, ಅಂದರೆ ರೇಡಿಯೋದ ಗುರುತಿನ ಅಕ್ಷರ, ಬರೆಯಲೇಬಾರದು. ಬರೆದರೆ ದಾರಿಯಲ್ಲಿ ಯಾವನಿಗಾದರೂ ಒಳಗೆ ದುಡ್ಡುಂಟು ಎಂದು ಗೊತ್ತಾಗುತ್ತದೆ. ಸ್ಟಾಂಪು ಎಂದೂ ಕಡಿಮೆ ಬೀಳಬಾರದು. ನಮ್ಮವರಿಗಾದರೆ ಸ್ವಲ್ಪ ಹೆಚ್ಚು ಕಡಿಮೆ ನಡೆಯುತ್ತದೆ, ಗುರುತಿಲ್ಲದವರಿಗೆ ಮಾತ್ರ ಒಂದು ರೂಪಾಯಿ ಹೆಚ್ಚೇ ಹಚ್ಚಬೇಕು ಎಂದು ಅವನು ನಾಸಿರನಿಗೆ ಅದೆಷ್ಟು ಸಲ ಪಾಠ ಮಾಡಿದ್ದನೋ. ನಾಸಿರ್ ನಗುತ್ತಿದ್ದ, 'ಆಯ್ತು ಅನಂತಣ್ಣ' ಎನ್ನುತ್ತಿದ್ದ, ಸಹಿ ಮಾಡುವಾಗ ಕಾರ್ಡಿನ ಮೇಲೆ ಚಹಾ ಚೆಲ್ಲುತ್ತಿದ್ದ.

ಪೋಲೆಂಡಿನ ಯಾರೋ ಹೊಸಬ, ಈ ಕಾನೂನು ಯಾವುದೂ ಗೊತ್ತಿಲ್ಲದ ಉತ್ಸಾಹಿ, ಲಕೋಟೆಯ ಮೇಲೆ ಕೆಂಪು ಶಾಯಿಯಲ್ಲಿ ನಾಸಿರನ ಪೂರ್ತಿ ಹೆಸರು, ಕಾಲ್‌ಸೈನ್, ಪಕ್ಕದಲ್ಲಿ ಒಂದು ಮಿಂಚಿನ ಚಿತ್ರ, ಅದರ ಕೆಳಗೆ ಅನಂತರಾಜನ ವಿಳಾಸ ಬರೆದು ಕಳಿಸಿಬಿಟ್ಟಿದ್ದ. ಆಗಬೇಕಾದದ್ದೇ ಆಗಿತ್ತು. ಲಕೋಟೆಯ ಒಂದು ಬದಿ ಹರಿದು, ಯಾರೋ ಟೇಪು ಅಂಟಿಸಿ, ಅಂಟಿಸಿದಲ್ಲಿ ಡಾಲರಿನ ಹಸಿರು ಮೂಲೆ ಹೊರಗೆ ಇಣುಕುತ್ತಿತ್ತು. ಶನಿವಾರ ಸಂಜೆ ಬಂದದ್ದನ್ನು ಅನಂತರಾಜ ನೋಡದೆ ಹಾಗೇ ಟೀಪಾಯಿಯ ಮೇಲೆ ಬಿಟ್ಟಿದ್ದ. ಭಾನುವಾರ ಊಟಕ್ಕೆ ಬಂದ ಧರಣೇಂದ್ರ ಪೇಪರು ಎತ್ತಿಕೊಳ್ಳಲು ಹೋಗಿ ಅದನ್ನು ಎತ್ತಿಕೊಂಡ. ಮೊದಲು ಹೆಸರು ಓದಿದ. ಆಮೇಲೆ ನೋಟು ನೋಡಿದ. ಆಮೇಲೆ ಅನಂತರಾಜನ ಮುಖ ನೋಡಿದ. ಕೆಟ್ಟವನಲ್ಲ ಧರಣೇಂದ್ರ, ತಂಗಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು. 'ಇದೆಂಥ ಭಾವ, ಇವನಿಗೆ ಬರುವ ಡಾಲರು ನಿಮ್ಮ ಮನೆಗೆ ಯಾಕೆ ಬರ್ತದೆ? ಕಾಲ ಸರಿ ಇಲ್ಲ. ನಾಳೆ ಯಾರಾದರೂ ಬಂದು ಕೇಳಿದರೆ ಏನು ಹೇಳುವುದು?' ಎಂದು ಕೇಳಿದ್ದ, ಅಷ್ಟೆ. ಎರಡು ಮಾತಿನಲ್ಲಿ ಹೇಳಬಹುದಿತ್ತು. ಇದು ಸರಕಾರ ಲೈಸೆನ್ಸು ಕೊಟ್ಟ ಹವ್ಯಾಸ, ಇಡೀ ಪ್ರಪಂಚದ ಪದ್ಧತಿ, ಇದು ಮರುಟಪಾಲಿನ ಖರ್ಚು ಎಂದು. ಅನಂತರಾಜನ ಬಾಯಿಂದ ಬಂದದ್ದು, 'ನನಗೇನು ಗೊತ್ತುಂಟು ಭಾವ, ಅವನೇ ನನ್ನ ಅಡ್ರೆಸ್ಸು ಕೊಟ್ಟಿರಬೇಕು' ಎಂದು. ಹೆದರಿದನೇ? ಹೆದರಿಕೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಹೆದರಿದವನನ್ನು ಯಾರಾದರೂ ಕ್ಷಮಿಸುತ್ತಾರೆ. ಭಾವನ ಕಣ್ಣು ಆ ಹೆಸರಿನಿಂದ ತನ್ನ ಕಡೆಗೆ ಬಂದಾಗ, ಆ ಕಣ್ಣಿನಲ್ಲಿ ತಾನು ಒಂದು ಕೂದಲೆಳೆಯಷ್ಟು ಸಣ್ಣವನಾದೆ ಎನ್ನಿಸಿತ್ತು. ಅದನ್ನು ಸರಿಮಾಡಿಕೊಳ್ಳುವ ಅವಸರ ಮಾತ್ರ ಅದು. ಹೊಳೆಗೆ ಬಿದ್ದವನು ಪಕ್ಕದವನ ತಲೆಯ ಮೇಲೆ ಕಾಲಿಡುವ ಹಾಗೆ ಇಟ್ಟುಬಿಟ್ಟಿದ್ದ. ಊಟಕ್ಕೆ ಎಲೆ ಹಾಕುತ್ತಿದ್ದ ಹೆಂಡತಿ ರಾಜಮತಿ ಒಂದು ಕ್ಷಣ ನಿಂತಳು, ಮತ್ತೆ ಎಲೆ ಒರೆಸಿದಳು.

ರಾಜಮತಿಗೆ ಎಲ್ಲ ಗೊತ್ತು. ಮದುವೆ ಕಾಗದಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಕೊಡುತ್ತಿದ್ದವಳು ಅವಳೇ. ಭಾನುವಾರದ ನಂತರ ಅವಳು ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಅವಳ ಮೇಲೆ ರೇಗಿಯಾದರೂ ಹಗುರಾಗಬಹುದಿತ್ತು, ಅದಕ್ಕೂ ಕಲ್ಲು ಹಾಕಿದಳು. ಇವತ್ತು ಚೀಲ ಹಿಡಿದು ಹೊರಟಾಗ ಮಾತ್ರ, ಕಾರ್ಡುಗಳನ್ನು ತೆಗೆದುಕೊಂಡಿರಾ ಎಂದು ಕೇಳಿದಳು. ತಿಂಗಳಿಗೊಮ್ಮೆ ಬರೆದು ಮುಗಿಸಿದ ಕಾರ್ಡುಗಳನ್ನು ನಾಸಿರನ ಸಹಿಗೆ ಒಯ್ಯುವುದು ವಾಡಿಕೆ, ಹಾಗೆ ಕೇಳಿದ್ದಿರಬಹುದು. ಅಥವಾ ಬೇರೆ ಅರ್ಥದಲ್ಲಿ ಕೇಳಿದಳೋ? ಕಾರ್ಡಿನ ಕೆಳಗೆ ತನ್ನ ಹೆಸರು ಅಚ್ಚಾಗಿದೆಯಲ್ಲ. ಒಂದು ಕಾರ್ಡು ತೆಗೆದು ಭಾವನ ಎದುರು ಇಟ್ಟರೆ ಸಾಕು, ಭಾನುವಾರದ ಮಾತು ಸುಳ್ಳೆಂದು ಮತ್ತೊಬ್ಬರು ಹೇಳಬೇಕಾಗಿಲ್ಲ. ಈ ಯೋಚನೆ ಬಂದದ್ದೇ ಅನಂತರಾಜ ಚೀಲದ ಬಾಯಿಯನ್ನು ಬಿಗಿಯಾಗಿ ಮಡಚಿದ. ಕಂಡಕ್ಟರ್ 'ದುಂಬು ಪೋಲೆ, ದುಂಬು ಪೋಲೆ' ಎಂದು ನಿಂತವರನ್ನು ಮುಂದೆ ನೂಕುತ್ತಿದ್ದ.

ಮೂಡುಬಿದಿರೆಯ ಮನೆಯ ಚಾವಡಿಯಲ್ಲಿ ಗಾಜು ಹಾಕಿಸಿದ ಒಂದು ಜಪಾನಿ ಕಾರ್ಡು ತೂಗುತ್ತದೆ. ಭಾನುವಾರ ಆ ಮಾತು ಆಡುವಾಗ ಅದು ಅನಂತರಾಜನ ತಲೆಯ ಮೇಲೆಯೇ ಇತ್ತು. ಬಂದ ನೆಂಟರಿಗೆಲ್ಲ ಧರಣೇಂದ್ರನೇ ಅದನ್ನು ತೋರಿಸುವುದು, ನಮ್ಮ ಭಾವ ಜಪಾನಿನವರ ಹತ್ತಿರ ಮಾತಾಡಿದವರು ಎಂದು. ಅದಕ್ಕೂ ಡಾಲರು ಬಂದಿತ್ತು, ಅದಕ್ಕೂ ಮರುಟಪಾಲು ಹೋಗಿತ್ತು, ಆಗ ಯಾರಿಗೂ ಕಾಲ ಸರಿ ಇಲ್ಲ ಅನ್ನಿಸಲಿಲ್ಲ. ಅದರ ಕಥೆ ಗೊತ್ತಿರುವುದು ಇಬ್ಬರಿಗೇ. ರೇಡಿಯೋ ಲೈಸೆನ್ಸಿನ ಪರೀಕ್ಷೆಯೇನೋ ಇಬ್ಬರೂ ಜೊತೆಯಲ್ಲೇ ಪಾಸಾಗಿದ್ದರು, ಮಂಗಳೂರಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬಂದು. ಹೊಸ ಸೆಟ್ಟು ತಂದ ದಿನ ಸಂಜೆ ಅನಂತರಾಜ ಟಕ್ ಟಕ್ ಎಂದು ಕುಟ್ಟಿ ಅಕ್ಷರ ಕಳಿಸುವ ಮೋರ್ಸ್ ಕೀಲಿಯ ಮೇಲೆ ಬೆರಳಿಟ್ಟು ಲೋಕವನ್ನು ಕರೆದ. ಕರೆದವನಿಗೆ ಯಾರಾದರೂ ಓಗೊಟ್ಟಾರು ಎಂಬ ಅಂದಾಜೇ ಇರಲಿಲ್ಲವೋ ಏನೋ! ಅಷ್ಟು ದೂರದಿಂದ, ಗೊರಗುಟ್ಟುವ ಸದ್ದಿನ ಆಚೆಯಿಂದ, ಯಾರೋ ತನ್ನದೇ ಗುರುತಿನ ಅಕ್ಷರಗಳನ್ನು ತನಗೆ ತಿರುಗಿ ಹೇಳಿದಾಗ ಅವನ ಕೈ ಮರಗಟ್ಟಿಹೋಯಿತು. ಆ ಕಡೆಯವನು ಮತ್ತೆ ಕರೆದ, ಮತ್ತೆ ಕರೆದ. ಅನಂತರಾಜನ ಕಣ್ಣಲ್ಲಿ ನೀರು ಬಂದಿತ್ತು, ಬೆವರೆಂದು ಒರೆಸಿಕೊಂಡ. ಆಗ ನಾಸಿರ್ ಏನೂ ಹೇಳದೆ ಅವನ ಕೈಯನ್ನು ಮೆಲ್ಲಗೆ ಬದಿಗಿಟ್ಟು ತಾನೇ ಉತ್ತರ ಕೊಟ್ಟು ಮುಗಿಸಿದ, ಅನಂತರಾಜನ ಹೆಸರಿನಲ್ಲಿ. ಆಮೇಲೆ ಅನಂತರಾಜ ಕೀಲಿ ಮುಟ್ಟಿದವನಲ್ಲ. ನಾಸಿರ್ ಈ ಮಾತನ್ನು ಎಲ್ಲಿಯೂ ಆಡಿದವನಲ್ಲ; ಧರಣೇಂದ್ರ ನೆಂಟರ ಎದುರು ಹೊಗಳುವಾಗ ಅಲ್ಲೇ ಕೂತು ಹೌದೆಂದು ತಲೆಯಾಡಿಸಿದ್ದೂ ಉಂಟು.

ಬಂಟ್ವಾಳ ಪೇಟೆಯಲ್ಲಿ ತುಂಬ ಜನ ಇಳಿದರು, ಇಳಿದಷ್ಟೇ ಜನ ಹತ್ತಿದರು. ಇಲ್ಲೇ ಇಳಿದು, ತಲೆ ಸುತ್ತಿತು ಎಂದು ಫೋನು ಮಾಡಿ ಹಿಂತಿರುಗಿದರೆ ಹೇಗೆ ಎಂದು ಅನಂತರಾಜ ಎದ್ದೂ ನಿಂತ. ಬಾಗಿಲ ತನಕ ಹೋಗುವಷ್ಟರಲ್ಲಿ ಬಸ್ಸು ಹೊರಟಿತು, ಆ ಸೀಟಿಗೆ ಇನ್ನೊಬ್ಬ ಬಂದು ಕೂತ. ಹಾಗಾಗಿ ಬಿ.ಸಿ.ರೋಡಿನ ತನಕ ನಿಂತೇ ಹೋಗಬೇಕಾಯಿತು, ಹೇಡಿತನಕ್ಕೂ ಒಂದು ಚುರುಕು ಬೇಕಲ್ಲ. ಬಸ್‌ಸ್ಟ್ಯಾಂಡಿನ ಗಲಾಟೆ, ಪುತ್ತೂರು, ವಿಟ್ಲ, ಧರ್ಮಸ್ಥಳ ಎಂದು ಕೂಗುವವರ ನಡುವೆ ದಾರಿ ಮಾಡಿಕೊಂಡು, ಹೆದ್ದಾರಿ ದಾಟಿ, ಅವನು ಕಟ್ಟಡದ ಎದುರು ಬಂದು ತಲೆಯೆತ್ತಿದ. ತಾರಸಿಯ ಮೇಲೆ ನಾಸಿರ್ ಒಬ್ಬನೇ ಇದ್ದ. ಯಾರಾದರೂ ಬಿಚ್ಚು ಎಂದು ಹೇಳುವ ಮೊದಲೇ ಅವನು ಆಂಟೆನಾದ ತಂತಿಯನ್ನು ಬಿಚ್ಚಿ, ಮೊಣಕೈಗೂ ಅಂಗೈಗೂ ನಡುವೆ ಸುತ್ತಿಕೊಳ್ಳುತ್ತಿದ್ದ, ನೀಟಾಗಿ, ಒಂದರ ಮೇಲೊಂದು ಬೀಳದ ಹಾಗೆ. ಅಷ್ಟು ನೀಟಾಗಿ ನಾಸಿರ್ ಯಾವ ಕೆಲಸವನ್ನೂ ಮಾಡಿದ್ದನ್ನು ಅನಂತರಾಜ ನೋಡಿರಲಿಲ್ಲ. ಕೂಗಿ ಕರೆಯಬೇಕೆಂದುಕೊಂಡ. ಧರಣೇಂದ್ರನ ಕಾರು ಬಂದು ಪಕ್ಕದಲ್ಲಿ ನಿಂತಿತು.

ಅಂಗಡಿಯೊಳಗೆ ಗೋಡೆಯ ತುಂಬ ಕನ್ನಡಕದ ಚೌಕಟ್ಟುಗಳು, ಸಾಲಿಗೊಂದರಂತೆ ಸಣ್ಣ ಸಣ್ಣ ಕನ್ನಡಿಗಳು. ಅನಂತರಾಜನಿಗೆ ಎಲ್ಲಿ ನೋಡಿದರೂ ತನ್ನದೇ ಮೂಗು, ತನ್ನದೇ ಒಣಗಿದ ತುಟಿ ಕಾಣುತ್ತಿತ್ತು. ಮುಖದ ಮೇಲಿದ್ದ ಕನ್ನಡಕವೂ ಈ ಅಂಗಡಿಯದೇ, ಅದಕ್ಕೆ ನಾಸಿರ್ ದುಡ್ಡು ತೆಗೆದುಕೊಂಡಿರಲಿಲ್ಲ. ಧರಣೇಂದ್ರ ಸ್ಟೂಲು ಎಳೆದು ಮೊದಲು ಭಾವನನ್ನು ಕೂರಿಸಿದ, ಫ್ಯಾನು ಅವನ ಕಡೆಗೆ ತಿರುಗಿಸಿದ. ಆಮೇಲೆ ಮೆಟ್ಟಿಲಿಳಿದು ಬಂದ ನಾಸಿರನಿಗೆ, ದನಿ ಏರಿಸದೆ, ನಿನ್ನ ಮೇಲೆ ನನಗೆ ಹಗೆಯೇನೂ ಇಲ್ಲ ಎಂದ. ಬಾಡಿಗೆ ತಪ್ಪಿಸಿದವನಲ್ಲ ನೀನು, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದ. 'ಆದರೆ ಭಾವನ ಅಡ್ರೆಸ್ಸು ಹೊರದೇಶಕ್ಕೆ ಕೊಟ್ಟದ್ದು ಯಾರು? ಅವರ ಎದುರೇ ಹೇಳು ನಾಸಿರ್.'

ನಾಸಿರ್ ಅನಂತರಾಜನನ್ನು ನೋಡಿದ. ಹೊಸ ಮಸೂರವನ್ನು ಬೆಳಕಿಗೆ ಹಿಡಿದು ಎಲ್ಲಾದರೂ ಗೀರು ಉಂಟಾ ಎಂದು ನೋಡುತ್ತಾನಲ್ಲ, ಹಾಗೆ ನೋಡಿದ. ಸಿಟ್ಟಿರಲಿಲ್ಲ. ಅವನಿಗೆ ಭಾನುವಾರದ ಮಾತು ಮುಟ್ಟಿದೆ ಎಂದು ಆ ನೋಟದಲ್ಲೇ ಅನಂತರಾಜನಿಗೆ ಗೊತ್ತಾಯಿತು. ಹೇಳು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು, ನನ್ನ ಮರ್ಯಾದೆ ತೆಗೆ, ಒಂದೇ ಸಲಕ್ಕೆ ಮುಗಿದುಹೋಗಲಿ ಎಂದು ಅನಂತರಾಜ ಒಳಗೊಳಗೇ ಬೇಡಿಕೊಂಡ.

'ನಾನೇ ಕೊಟ್ಟದ್ದು ಧರಣೇಂದ್ರಣ್ಣ' ಎಂದ ನಾಸಿರ್. 'ಅವರ ಹತ್ತಿರ ಕೇಳಲಿಲ್ಲ. ಅವರಿಗೆ ಇದರಲ್ಲಿ ಏನೂ ಗೊತ್ತಿಲ್ಲ.'

ಎಷ್ಟೋ ವರ್ಷದ ಹಿಂದಿನ ಆ ಸಂಜೆ ಕೈಯನ್ನು ಮೆಲ್ಲಗೆ ಬದಿಗಿಟ್ಟ ಹಾಗೆಯೇ ಅನ್ನಿಸಿತು ಅನಂತರಾಜನಿಗೆ. ಎದ್ದುನಿಂತ. ಮಾತು ಹೊರಗೆ ಬಂತು, ಬಂತೆಂದು ಅವನಿಗೇ ಆಶ್ಚರ್ಯವಾಯಿತು. 'ಹಾಗಲ್ಲ ಭಾವ. ನಾನೇ ಹೇಳಿದ್ದು ಅವನಿಗೆ, ನನ್ನ ಅಡ್ರೆಸ್ಸು ಹಾಕು ಅಂತ.'

ಧರಣೇಂದ್ರ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಅವನ ಮುಖ ಅರಳಿತು. ಎದ್ದು ಬಂದು ಅನಂತರಾಜನ ಭುಜದ ಮೇಲೆ ಕೈಯಿಟ್ಟ. 'ನೋಡಿದೆಯಾ ನಾಸಿರ್? ಇಷ್ಟಾದರೂ ನಿನ್ನನ್ನು ಬಿಟ್ಟುಕೊಡುವುದಿಲ್ಲ ಇವರು. ಇಂಥ ಮನುಷ್ಯನ ಹೆಸರಲ್ಲಿ ನೀನು ಹಾಗೆ ಮಾಡಬಾರದಿತ್ತು.'

ಅನಂತರಾಜನ ಕೈ ಚೀಲದೊಳಗೆ ಹೋಯಿತು. ಬೆರಳಿಗೆ ಕಾರ್ಡಿನ ಅಂಚು ತಾಗಿತು. ನುಣುಪು ಕಾಗದ, ಕೆಳಗಿನ ಬಲಮೂಲೆಯಲ್ಲಿ ತನ್ನ ಹೆಸರು. ನೋಡದೆಯೂ ಎಲ್ಲಿದೆ ಎಂದು ಗೊತ್ತು. ಹೊರಗೆ ತೆಗೆದು ಗಾಜಿನ ಮೇಜಿನ ಮೇಲೆ ಇಟ್ಟರೆ ಮುಗಿಯಿತು, ಮಾತೇ ಬೇಡ. ಭುಜದ ಮೇಲಿದ್ದ ಭಾವನ ಕೈ ಬೆಚ್ಚಗಿತ್ತು. ಅಯ್ಯೋ, ಎಷ್ಟು ಹಿತವಾಗಿತ್ತು ಆ ಕೈ! ಸತ್ಯ ಹೇಳಿಯಾಗಿದೆಯಲ್ಲ, ನಂಬದಿದ್ದರೆ ಅದು ಅವರ ವಿಷಯ ಎಂದು ಒಳಗೊಬ್ಬ ಗುಮಾಸ್ತ ಆಗಲೇ ಷರಾ ಬರೆಯತೊಡಗಿದ್ದ. ಕನ್ನಡಿಗಳಲ್ಲೆಲ್ಲ ಒಬ್ಬ ಒಳ್ಳೆಯ ಮನುಷ್ಯ ಕೈಯನ್ನು ಚೀಲದೊಳಗಿಟ್ಟು ನಿಂತಿದ್ದ. ಧರಣೇಂದ್ರ ಅಷ್ಟರಲ್ಲಿ ತಂಗಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ್ದ. 'ನಿನ್ನ ಗಂಡನಂಥವರು ಈ ಕಾಲದಲ್ಲಿ ಸಿಗುವುದಿಲ್ಲ ಮಾರಾಯ್ತಿ. ಅವನು ಒಪ್ಪಿಕೊಂಡ ಮೇಲೂ ಇವರು ನಾನೇ ಮಾಡಿದ್ದು ಅಂತಾರೆ.' ಲೈನು ಹೋಯಿತೇ ಎಂದು ಧರಣೇಂದ್ರ ಫೋನನ್ನು ನೋಡಿದ. ಕೊನೆಗೆ ರಾಜಮತಿಯ ದನಿ ಬಂತು. 'ಊಟಕ್ಕೆ ಬರ್ತಾರಾ ಕೇಳಣ್ಣ.'

ಅನಂತರಾಜನ ಕೈ ಖಾಲಿಯಾಗಿ ಚೀಲದಿಂದ ಹೊರಗೆ ಬಂತು.

ತಿಂಗಳ ಕೊನೆಗೆ ನಾಸಿರ್ ಕೋಣೆಯ ಬೀಗದಕೈ ಹಿಂದೆ ಕೊಡುವುದೆಂದು ನಿಶ್ಚಯವಾಯಿತು. ಧರಣೇಂದ್ರ ಕಾರು ಹತ್ತಿ ಹೋದ ಮೇಲೆ ಅಂಗಡಿಯಲ್ಲಿ ಇಬ್ಬರೇ ಉಳಿದರು. ಏನಾದರೂ ಹೇಳಬೇಕಿತ್ತು. ನಾಸಿರ್ ಅದಕ್ಕೆ ಅವಕಾಶ ಕೊಡದೆ ಕೈ ಚಾಚಿದ, ಸಹಿ ಆಗಬೇಕಾದ ಕಾರ್ಡು ತಂದಿದ್ದೀರಲ್ಲ ಎಂದು. ದುಡ್ಡು ಇಟ್ಟು ಕಳಿಸಿದವರು ಕಾಯುತ್ತಿರುತ್ತಾರೆ, ಅವರದ್ದೇನು ತಪ್ಪು ಎಂದ. ಗಾಜಿನ ಮೇಜಿಗೆ ಬಗ್ಗಿ ಒಂದೊಂದಕ್ಕೂ ಸಹಿ ಹಾಕಿದ. ಪ್ರತಿ ಕಾರ್ಡಿನಲ್ಲೂ ಅವನ ಸಹಿಯ ಕೆಳಗೆ ಅನಂತರಾಜನ ಹೆಸರು ಇತ್ತು. ಚಹಾ ತರಿಸಲಿಲ್ಲ, ಯಾವುದರ ಮೇಲೂ ಏನೂ ಚೆಲ್ಲಲಿಲ್ಲ. ಕಟ್ಟಿಗೆ ರಬ್ಬರು ಹಾಕಿ ಹಿಂದೆ ಕೊಟ್ಟು, ಮೇಜಿನ ಒಳಗಿನಿಂದ ಇನ್ನೊಂದು ಕಟ್ಟು ತೆಗೆದ. ಲಕೋಟೆಗಳು, ಸಾದಾ, ಖಾಕಿ ಬಣ್ಣದವು.

'ಹಳೆಯ ಕಾರ್ಡು ನೋಡಿ ಇನ್ನೂ ಸ್ವಲ್ಪ ದಿನ ಜನ ನಿಮ್ಮ ಅಡ್ರೆಸ್ಸಿಗೇ ಕಳಿಸ್ತಾರೆ. ಬಂದದ್ದನ್ನು ಒಡೆಯದೆ ಇದರೊಳಗೆ ಹಾಕಿಬಿಡಿ ಸರ್. ಸ್ಟಾಂಪು ಹಚ್ಚಿದ್ದೇನೆ, ನಿಮಗೆ ಖರ್ಚು ಬೇಡ.'

ಸರ್ ಎಂದು ಅವನು ಕರೆದದ್ದು ಇದೇ ಮೊದಲು. ಹಾಗೆ ಕರೆದು, ಯಾರೋ ಗಿರಾಕಿ ಒಳಗೆ ಬಂದದ್ದರಿಂದ ಆ ಕಡೆ ತಿರುಗಿ, ದೂರದ್ದು ಕಾಣುವುದಿಲ್ಲವಾ ಹತ್ತಿರದ್ದಾ ಎಂದು ವಿಚಾರಿಸತೊಡಗಿದ. ಅನಂತರಾಜ ಸ್ವಲ್ಪ ಹೊತ್ತು ನಿಂತ. ಗಿರಾಕಿ ಕೂರಲು ಸ್ಟೂಲು ಹುಡುಕಿದಾಗ ತಾನೇ ಅದನ್ನು ಅವನ ಕಡೆಗೆ ಸರಿಸಿ ಹೊರಗೆ ಬಂದ.

ಮೂಡುಬಿದಿರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚೀಲದಿಂದ ಒಂದು ಲಕೋಟೆ ತೆಗೆದು ನೋಡಿದ. ಅಬ್ದುಲ್ ನಾಸಿರ್ ಎಂದು ಬರೆದು, ಕೆಳಗೆ ಬೆಳ್ತಂಗಡಿಯ ಯಾವುದೋ ಮನೆಯ ವಿಳಾಸ. ನಾಸಿರ್ ಅಲ್ಲಿಗೆ ಹೋಗುತ್ತಾನೆ ಎಂಬುದು ಅನಂತರಾಜನಿಗೆ ಗೊತ್ತಾದದ್ದು ಹೀಗೆ. ಕಾಲ್‌ಸೈನ್ ಬರೆದಿರಲಿಲ್ಲ. ಒಳಗೆ ಬೆರಳು ಹಾಕಿದರೆ ಮದುವೆ ಕಾಗದದ ಒಂದು ದಪ್ಪ ತುಂಡು, ಅಳತೆಗೆ ಸರಿಯಾಗಿ ಕತ್ತರಿಸಿದ್ದು. ಯಾವ ಕಾನೂನನ್ನೂ ಅವನು ಮರೆತಿರಲಿಲ್ಲ. ಬಲಮೂಲೆಯಲ್ಲಿ ಸ್ಟಾಂಪುಗಳಿದ್ದವು. ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಅಷ್ಟೆಲ್ಲ ಬೇಕಾಗಿರಲಿಲ್ಲ, ಒಂದು ರೂಪಾಯಿ ಹೆಚ್ಚೇ ಇತ್ತು. ಗುರುತಿಲ್ಲದವರಿಗೆ ಹಾಗೆ ಹಚ್ಚಬೇಕೆಂದು ಹೇಳಿಕೊಟ್ಟವನು ಅನಂತರಾಜನೇ.